ತಡವಾಗಿ ಮನೆ ಸೇರುವ ತಂದೆ ತಾಯಿಯರಿಗೆ
ಕೆಲಸ ಮುಗಿಸಿ ರಾತ್ರಿ 9ಕ್ಕೆ ಮನೆ ಸೇರುವವರು ಆಗ ಮಗುವಿನ ಪುಸ್ತಕ ತೆರೆಸಬೇಡಿ. ನಾನು ಎರಡು ವರ್ಷ ಅದನ್ನೇ ಮಾಡಿದೆ. ಲೆಕ್ಕ ತಪ್ಪಿದ್ದಕ್ಕೆ ಬೈದದ್ದಕ್ಕಿಂತ ಕಚೇರಿಯ ಸಿಟ್ಟಿಗೆ ಬೈದದ್ದೇ ಹೆಚ್ಚು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಮ್ಮ ಪಾಳಿಗೆ ತಕ್ಕಂತೆ ಅವರನ್ನು ಎಚ್ಚರವಿರಿಸಿದರೆ ಮರುದಿನ ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ, ಓದಿದ್ದೂ ನೆನಪಿನಲ್ಲಿ ಉಳಿಯುವುದಿಲ್ಲ.

ಈಗ ಮಗಳು ಅರ್ಥವಾಗದ ಲೆಕ್ಕಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಅಷ್ಟನ್ನೇ ನೋಡುತ್ತೇವೆ. ಆಗ ನನ್ನ ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ (ಮೊದಲ ವಾರ ಕೈ ಚಡಪಡಿಸಿತು, ಸುಳ್ಳೇಕೆ ಹೇಳಲಿ). ಪಾಳಿ ಬದಲಾಗುವುದಿದ್ದರೆ ಶಿಕ್ಷಕರಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಹೋಂವರ್ಕ್ ಒಪ್ಪಿಸಲು ನಮಗೆ ಒಂದು ದಿನ ಹೆಚ್ಚು ಸಿಕ್ಕಿದ್ದು ಹಾಗೆಯೇ.