ಸೋಮವಾರ ಮುಚ್ಚಿದ ಸಲೂನಿನಲ್ಲಿ: ಅಟ್ಲಾಂಟಾದಲ್ಲಿ ಒಂದು ಗುಂಪು ಕಟ್ಟಿದ ನನ್ನ ಅನುಭವ

ಈಗ ನಮ್ಮ ಗುಂಪು ಕೌನ್ಸೆಲಿಂಗಿನ ನಾಲ್ಕನೆಯ ಬ್ಯಾಚು ನಡೆಯುತ್ತಿದೆ. ಐದನೆಯದಕ್ಕೆ ಹೆಸರು ಬರೆಸಿದವರು ಕಾಯುತ್ತಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು. ಅಟ್ಲಾಂಟಾದ ದಕ್ಷಿಣ ಭಾಗದಲ್ಲಿ ಕಪ್ಪು ಮಹಿಳೆಯರಿಗಾಗಿಯೇ ಗುಂಪು ಕೌನ್ಸೆಲಿಂಗ್ ಮಾಡುತ್ತೇನೆ ಎಂದಾಗ ನಕ್ಕವರೇ ಜಾಸ್ತಿ. ಹಳೆಯ ಸೂಪರ್‌ವೈಸರ್ ಒಬ್ಬರು "ಅವರು ಗುಂಪಿಗೆ ಬರುವುದಿಲ್ಲ, ಬಂದರೂ ಎರಡು ವಾರ" ಎಂದರು. ಕನ್ನಡ ಕೂಟದ ಗೆಳತಿಯರು "ನಮ್ಮವರೇ ಕ್ಯಾಶ್ ಕೊಟ್ಟು ಬರುತ್ತಾರೆ, ಸುಮ್ನೆ ಯಾಕೆ ನಿನಗೆ ಈ ಉಸಾಬರಿ?" ಎಂದರು. ತೂಕದ ಮಾತು ಆಡಿದವಳು ಒಬ್ಬಳೇ, ಕ್ಲಿನಿಕ್ಕಿನಲ್ಲಿ ನನ್ನ ಜೊತೆಗಿದ್ದ ಕಪ್ಪು ಸೋಶಿಯಲ್ ವರ್ಕರ್. "ನಮ್ಮ ಮನೆಯ ವಿಷಯ ನಿನ್ನ ಮುಂದೆ ಯಾಕೆ ಹೇಳಬೇಕು?" ಎಂದು ನೇರವಾಗಿ ಕೇಳಿದಳು. ಈಗ ಗುಂಪಿನ ಮುಖ್ಯಸ್ಥೆ ಅವಳೇ. ನಾನು ಎರಡನೆಯವಳು. ಈ ಕುರ್ಚಿ ಬದಲಾವಣೆ ಆಗದೆ ಇದ್ದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

"ಗುಂಪಿಗೆ ಬರುವುದಿಲ್ಲ" ಎನ್ನುವವರಿಗೆ ನಾನು ಇದೇ ಊರಿನ ಉದಾಹರಣೆ ಕೊಡುತ್ತೇನೆ. 1983ರಲ್ಲಿ ಇಲ್ಲಿನ ಸ್ಪೆಲ್ಮನ್ ಕಾಲೇಜಿನಲ್ಲಿ ಆರೋಗ್ಯ ಹೋರಾಟಗಾರ್ತಿ ಬಿಲ್ಲಿ ಏವರಿ ಕಪ್ಪು ಮಹಿಳೆಯರ ಆರೋಗ್ಯದ ಸಮ್ಮೇಳನ ಕರೆದರು. ಸಾವಿರಕ್ಕೂ ಮೀರಿ ಜನ ಸೇರಿದರು. ನಾಲ್ಕು ಜನ ಸುತ್ತ ಕೂತು ತಮ್ಮ ಬದುಕು ಹೇಳಿಕೊಳ್ಳುವುದೇ ಆ ಚಳವಳಿಯ ಬುಡ. ಅವರು ಗುಂಪಿಗೆ ಬರುತ್ತಾರೆ. ನಮ್ಮ ಗುಂಪಿಗೆ ಬರುವುದಿಲ್ಲ, ಅಷ್ಟೇ.

ಮೊದಲ ಪ್ರಯತ್ನ ಕ್ಲಿನಿಕ್ಕಿನಲ್ಲೇ ನಡೆಯಿತು. ಗುರುವಾರ ಸಂಜೆ, ಊರಿನ ಉತ್ತರ ಭಾಗ. ಹನ್ನೆರಡು ಹೆಸರು ಬಂದಿತ್ತು, ಐದು ಜನ ಬಂದರು, ಮೂರನೆಯ ವಾರಕ್ಕೆ ಇಬ್ಬರು ಉಳಿದರು. ಆ ಟ್ರಾಫಿಕ್ಕಿನಲ್ಲಿ 285ರ ರಿಂಗ್ ರೋಡ್ ದಾಟಿ, ಪಾರ್ಕಿಂಗಿಗೆ ದುಡ್ಡು ಕೊಟ್ಟು, ಬಾಗಿಲಲ್ಲಿ ಸೆಕ್ಯುರಿಟಿಯವನ ಮುಂದೆ ನಿಂತು, ಮೇಲೆ ಬಂದರೆ ಕೈಗೆ ಹದಿನಾಲ್ಕು ಪುಟದ ಫಾರಂ. ಅದರಲ್ಲಿ "ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರು ನೋಡಿಕೊಳ್ಳುತ್ತಾರೆ" ಎಂಬ ಪ್ರಶ್ನೆ. ಜಾರ್ಜಿಯಾದಲ್ಲಿ ಮಕ್ಕಳ ಇಲಾಖೆಗೆ ಜನ "ಡೀಫ್ಯಾಕ್ಸ್" ಅನ್ನುತ್ತಾರೆ. ಆ ಹೆಸರು ಕೇಳಿದರೆ ಸಾಕು, ಬಾಣಂತಿಯರು ಬಾಯಿ ಮುಚ್ಚಿಬಿಡುತ್ತಾರೆ. ಮನಸ್ಸು ಸರಿಯಿಲ್ಲ ಎಂದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ಹೆದರಿಕೆ. ಎಡಿನ್‌ಬರೋ ಫಾರಂ (ಬಾಣಂತಿಯರ ಖಿನ್ನತೆ ಅಳೆಯುವ ಹತ್ತು ಪ್ರಶ್ನೆ) ಕೊಟ್ಟರೆ ಹತ್ತಕ್ಕೆ ಹತ್ತೂ ಸೊನ್ನೆ, ಅಂದರೆ ಏನೂ ತೊಂದರೆ ಇಲ್ಲ. ಮೂರು ತಿಂಗಳ ಕೂಸು ಮಡಿಲಲ್ಲಿರುವ ಯಾವ ತಾಯಿಗಾದರೂ ಎಲ್ಲಕ್ಕೂ ಸೊನ್ನೆ ಬರುತ್ತದಾ? ನೀವೇ ಹೇಳಿ.

ಇನ್ನೊಂದು ಸಾಲು ಇತ್ತು: "ನಿಮ್ಮ ಮಾಹಿತಿಯನ್ನು ಸಂಶೋಧನೆಗೆ ಬಳಸಬಹುದು." ಟಸ್ಕೀಗಿ ಇಲ್ಲಿಂದ ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಔಷಧ ಕೊಡದೆ ಸರಕಾರ ಸುಮ್ಮನೆ ನೋಡುತ್ತಾ ಕೂತ ಊರು ಅದು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ನಾವು ಅದನ್ನು ಎಥಿಕ್ಸ್ ಪರೀಕ್ಷೆಗೆ ಓದಿದ್ದೇವೆ. ಇವರು ಅಜ್ಜಿಯ ಬಾಯಲ್ಲಿ ಕೇಳಿದ್ದಾರೆ. ಆ ಸಾಲು ಕಿತ್ತುಹಾಕಿದೆ. ಹದಿನಾಲ್ಕು ಪುಟ ಮೂರಕ್ಕೆ ಇಳಿಯಿತು. ಮೊದಲ ಭೇಟಿಯಲ್ಲೇ ನಾವು ಯಾವುದನ್ನು ರಿಪೋರ್ಟ್ ಮಾಡಲೇಬೇಕು, ಯಾವುದನ್ನು ಮಾಡುವುದಿಲ್ಲ ಎಂದು ಬಾಯಲ್ಲೇ ಬಿಡಿಸಿ ಹೇಳುತ್ತೇವೆ. "ಅಳು ಬರುತ್ತೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ ಅನ್ನುವುದು ರಿಪೋರ್ಟ್ ಅಲ್ಲ" ಎಂದು ಆ ಸೋಶಿಯಲ್ ವರ್ಕರ್ ಜೊತೆಗಾತಿ ಹೇಳುವಾಗ ಎದುರಿಗಿದ್ದವರ ಭುಜ ಇಳಿಯುವುದು ಕಾಣುತ್ತದೆ.

ಎರಡನೆಯದು ಚರ್ಚಿನ ನೆಲಮಾಳಿಗೆ. ಬಾಡಿಗೆ ಇಲ್ಲ, ಜಾಗ ದೊಡ್ಡದು, ಕಾಫಿ ಪುಕ್ಕಟೆ. ಆದರೆ ಪಾದ್ರಿಯ ಹೆಂಡತಿಗೆ ಯಾರ್ಯಾರು ಬರುತ್ತಾರೆ ಎಂದು ತಿಳಿಯಬೇಕಿತ್ತು, ಪ್ರಾರ್ಥನೆಯ ಪಟ್ಟಿಗೆ ಸೇರಿಸಲು! ಒಳ್ಳೆಯ ಮನಸ್ಸೇ, ಆದರೆ ನಾಲ್ಕನೆಯ ವಾರ ಯಾರೂ ಬರಲಿಲ್ಲ. ಝೂಮ್ ಕೂಡ ಮಾಡಿ ನೋಡಿದೆವು. ಒಬ್ಬೊಬ್ಬರಿಗೆ ಅದು ಚೆನ್ನಾಗಿ ನಡೆಯುತ್ತದೆ. ಊಟದ ಬಿಡುವಿನಲ್ಲಿ ಆಫೀಸಿನ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಮಾತಾಡುವವರು ನನಗೆ ಈಗಲೂ ಇದ್ದಾರೆ. ಗುಂಪಿಗೆ ಆಗಲಿಲ್ಲ.

ಸಲೂನಿನ ಯೋಚನೆ ನನ್ನ ಸ್ವಂತದ್ದಲ್ಲ. ಮನಶ್ಶಾಸ್ತ್ರಜ್ಞೆ ಆಫಿಯಾ ಎಂಬಿಲಿಶಾಕಾ ಅವರು ಕೂದಲನ್ನೇ ಬಾಗಿಲು ಮಾಡಿಕೊಂಡು, ಸಲೂನಿನ ಮೂಲಕ ಮನಸ್ಸಿನ ಆರೈಕೆ ಮುಟ್ಟಿಸುವ 'ಸೈಕೋಹೇರಪಿ' ಕಟ್ಟಿದ್ದಾರೆ. ಈ ಕ್ಷೇತ್ರದವರಿಗೆ ಹೊಸದೇನಲ್ಲ. ನಾನು ಸೇರಿಸಿದ್ದು ಸೋಮವಾರ. ಇಲ್ಲಿ ಸೋಮವಾರ ಸಾಕಷ್ಟು ಸಲೂನುಗಳು ಮುಚ್ಚಿರುತ್ತವೆ. ಮಾಲಕಿಗೆ ಖಾಲಿ ಜಾಗದಿಂದ ಬಾಡಿಗೆ, ನಮಗೆ ಗುಟ್ಟಿನ ಜಾಗ. ಬರುವವರನ್ನು ಯಾರಾದರೂ ನೋಡಿದರೂ "ಕೂದಲಿಗೆ ಹೋಗಿದ್ದೆ" ಎಂದರಾಯಿತು. ಕಿಟಕಿಗೆ ಪರದೆ ಎಳೆದು, ಬಾಗಿಲಿಗೆ ಒಳಗಿನಿಂದ ಬೀಗ. ಗೋಪ್ಯತೆ ಇರುವುದಿಲ್ಲ ಎಂದು ಹೆದರಿಸಿದ ಸಹೋದ್ಯೋಗಿಗಳ ಕ್ಲಿನಿಕ್ಕಿನ ಗೋಡೆಗಳ ಆಚೆ ಪಕ್ಕದ ಕೋಣೆಯ ಮಾತು ಕೇಳಿಸುತ್ತದೆ. ಸಲೂನಿನಲ್ಲಿ ಕೇಳಿಸುವುದಿಲ್ಲ.

ಕನ್ನಡಿಗಳದ್ದು ತಾಪತ್ರಯವಾಯಿತು. ಸುತ್ತ ಕನ್ನಡಿ. ಒಬ್ಬರು ಅತ್ತರೆ ಆರು ಕಡೆ ಅಳುತ್ತಾರೆ. ಅತ್ತವರು ತಮ್ಮ ಮುಖ ತಾವೇ ನೋಡಿ ತಕ್ಷಣ ಕಣ್ಣೊರೆಸಿ ನೆಟ್ಟಗೆ ಕೂತುಬಿಡುತ್ತಿದ್ದರು. ಕೂದಲು ಕತ್ತರಿಸುವಾಗ ಹೊದಿಸುವ ಕೇಪುಗಳನ್ನು ಕನ್ನಡಿಗಳ ಮೇಲೆ ಇಳಿಬಿಟ್ಟೆವು. ಖರ್ಚು ಸೊನ್ನೆ.

ಈಗ ದುಡ್ಡಿನ ವಿಷಯ. ಒಂದು ಸಂಜೆಗೆ ಸಲೂನಿಗೆ 60 ಡಾಲರ್, ನನ್ನ ಜೊತೆಗಾತಿಗೆ 150, ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಗೆ 40, ತಿಂಡಿಗೆ 30. ಒಟ್ಟು 280ರ ಹತ್ತಿರ. ಬರುವುದು ಎಷ್ಟು? ಗುಂಪು ಥೆರಪಿಯ ಬಿಲ್ಲಿಂಗ್ ಕೋಡು 90853ಕ್ಕೆ ಇನ್ಶೂರೆನ್ಸು ತಲೆಗೆ ಮೂವತ್ತು ಚಿಲ್ಲರೆ ಕೊಡುತ್ತದೆ. ಎಂಟು ಜನರಲ್ಲಿ ಐದು ಇನ್ಶೂರೆನ್ಸು, ಉಳಿದವರು ತಲಾ 20 ನಗದು. ಕೂಡಿಸಿದರೆ 225. ವಾರಕ್ಕೆ ಐವತ್ತು ಡಾಲರ್ ಕೈಯಿಂದ. ಅದೂ ದುಡ್ಡು ಬಂದರೆ! ಮೊದಲ ಬ್ಯಾಚಿನ ಕ್ಲೈಮುಗಳೆಲ್ಲ ವಾಪಸ್ ಬಂದವು. ಜಾಗದ ಕೋಡು 99, ಅಂದರೆ 'ಇತರ ಸ್ಥಳ' ಎಂದು ಹಾಕಿದ್ದೆವು. ಸಲೂನಿನಲ್ಲಿ ಥೆರಪಿ ಏನು ಎಂದು ಕಂಪನಿಯವರಿಗೆ ಅರ್ಥವಾಗಲಿಲ್ಲ. ಆ ಬ್ಯಾಚು ಮುಗಿಯುವಷ್ಟರಲ್ಲಿ ನನ್ನ ಜೇಬಿನಿಂದ ಸುಮಾರು ಎರಡು ಸಾವಿರ ಹೋಗಿತ್ತು. ಮನೆಯಲ್ಲಿ ಯಜಮಾನರು ಏನೂ ಅನ್ನಲಿಲ್ಲ, ಆದರೆ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಫ್ರಿಜ್ಜಿಗೆ ಅಂಟಿಸಿದರು.

ಎರಡು ಉಪಾಯದಿಂದ ಸರಿಹೋಯಿತು. ಒಂದು, ಸಲೂನಿನ ಜೊತೆ ಸೋಮವಾರಕ್ಕೆ ಬರವಣಿಗೆಯ ಲೀಸು ಮಾಡಿಕೊಂಡು ಅದನ್ನು ನನ್ನ ಪ್ರಾಕ್ಟೀಸಿನ ಎರಡನೆಯ ಆಫೀಸು ಎಂದು ಇನ್ಶೂರೆನ್ಸಿನವರಲ್ಲಿ ನೋಂದಾಯಿಸಿದೆ. ಆಮೇಲೆ ಜಾಗದ ಕೋಡು 11, ಅಂದರೆ 'ಆಫೀಸು', ಕ್ಲೈಮು ಪಾಸು. ಇದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಬಿಲ್ಲರ್ ಹತ್ತಿರ ಮೊದಲೇ ಕೇಳಿ. ಇನ್ನೊಂದು, ಗುಂಪಿಗೆ ಸೇರುವ ಮೊದಲು ಪ್ರತಿಯೊಬ್ಬರದೂ ಒಂದು ಪೂರ್ತಿ ಇಂಟೇಕ್, ಅಂದರೆ ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಮೊದಲ ವಿಚಾರಣೆ. ಅದರ ಕೋಡು 90791ಕ್ಕೆ ಸುಮಾರು 130 ಬರುತ್ತದೆ. ಇಂಟೇಕುಗಳನ್ನು ಇಬ್ಬರೂ ಹಂಚಿಕೊಂಡೆವು, ಗುಂಪನ್ನು ಒಂಬತ್ತಕ್ಕೆ ಏರಿಸಿದೆವು. ಈಗ ಹತ್ತು ವಾರದ ಬ್ಯಾಚು ಮುಗಿದರೆ ನನಗೆ ಇನ್ನೂರು ಮುನ್ನೂರು ಉಳಿಯುತ್ತದೆ. ಶ್ರೀಮಂತಳಾಗುವ ದಾರಿಯಲ್ಲ, ಆದರೆ ಫ್ರಿಜ್ಜಿನ ಬಾಗಿಲ ಮೇಲೆ ಈಗ ಬಿಲ್ಲಿಲ್ಲ. ಜೊತೆಗಾತಿಯ 150ನ್ನು ಮಾತ್ರ ಎಂದೂ ಮುಟ್ಟಲಿಲ್ಲ. ಅಲ್ಲಿ ಉಳಿಸಲು ಹೋದ ಇಬ್ಬರು ಪರಿಚಿತರ ಗುಂಪುಗಳು ಮುರಿದದ್ದನ್ನು ನೋಡಿದ್ದೇನೆ. ಕಪ್ಪು ಮಹಿಳೆಯರು ಪುಕ್ಕಟೆ ದುಡಿದು ದುಡಿದು ಸಾಕಾಗಿದೆ ಎಂಬ ಮಾತು ನಡೆಯುವ ಕೋಣೆಯಲ್ಲಿ ಒಬ್ಬ ಕಪ್ಪು ಮಹಿಳೆಯೇ ಪುಕ್ಕಟೆ ದುಡಿದರೆ ಹೇಗೆ?

ಒಳಗೆ ಏನು ಮಾಡುತ್ತೇವೆ ಎಂದರೆ, ನಿಮಗೆ ಗೊತ್ತಿರುವುದನ್ನೇ. ಸಿಬಿಟಿ (ಯೋಚನೆಯ ಜಾಡು ತಿದ್ದುವ ಚಿಕಿತ್ಸೆ) ಇದೆ, ಉಸಿರಾಟ ಇದೆ, ಮನೆಗೆಲಸದ ಹಾಳೆ ಇದೆ. ಬದಲಾದದ್ದು ಥಾಟ್ ರೆಕಾರ್ಡಿನ, ಅಂದರೆ ಕಾಡುವ ಯೋಚನೆಯನ್ನು ಬರೆದು ಪರೀಕ್ಷಿಸುವ ಹಾಳೆಯ, ಒಂದು ಕಾಲಂ. ಮೊದಲ ಬ್ಯಾಚಿನಲ್ಲಿ ಒಬ್ಬರು "ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಸಿಟ್ಟಿನವಳು ಅನ್ನುತ್ತಾರೆ" ಎಂದರು. ಹಾಳೆಯ ಪ್ರಕಾರ ಮುಂದಿನ ಪ್ರಶ್ನೆ: "ಇದಕ್ಕೆ ಸಾಕ್ಷಿ ಏನು? ವಿರುದ್ಧ ಸಾಕ್ಷಿ ಏನು?" ಕೋಣೆ ತಣ್ಣಗಾಯಿತು. ಇಪ್ಪತ್ತು ವರ್ಷದಿಂದ ಅನುಭವಿಸಿದ್ದಕ್ಕೆ ಸಾಕ್ಷಿ ಕೇಳಿದರೆ ಅದು ಥೆರಪಿ ಅಲ್ಲ, ಪಾಟೀಸವಾಲು. ಜೊತೆಗಾತಿ ಅಲ್ಲೇ ಪೆನ್ನು ತೆಗೆದು ಆ ಕಾಲಂ ಹೊಡೆದುಹಾಕಿದಳು. ಈಗ ಅಲ್ಲಿರುವುದು: "ಇದು ಆಯಿತು. ನನ್ನ ಮೈಗೆ ಏನಾಯಿತು? ಇವತ್ತು ನಾನು ಏನು ಮಾಡಬೇಕು ಅಂದುಕೊಂಡಿದ್ದೇನೆ?" ಸಾಕ್ಷಿಯ ಕಾಲಂ ಒಂದೇ ಕಡೆ ಉಳಿದಿದೆ, "ನಾನು ಬಿದ್ದರೆ ಎಲ್ಲರೂ ಬೀಳುತ್ತಾರೆ" ಎಂಬ ಮಾತಿಗೆ. ಅಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗಿನವರು ಮಾಡಿದ್ದನ್ನು ಪ್ರಶ್ನಿಸಬೇಡಿ, ತಮ್ಮ ತಲೆಯ ಮೇಲೆ ತಾವೇ ಹೊತ್ತ ನಿಯಮವನ್ನು ಪ್ರಶ್ನಿಸಿ. ಸೂಪರ್‌ವೈಸರ್ ಇದನ್ನು "ಕ್ಲೈಂಟಿನ ಜೊತೆ ಸೇರಿಕೊಂಡಂತೆ" ಎಂದರು. ಹೌದು, ಸೇರಿಕೊಂಡಿದ್ದೇವೆ.

ಗಟ್ಟಿಗಿತ್ತಿಯ ಹೊರೆಯ ಬಗ್ಗೆ ಸಂಶೋಧಕಿ ಶೆರಿಲ್ ವುಡ್ಸ್-ಜಿಸ್ಕೋಂಬೆ 2010ರಲ್ಲಿ ಬರೆದದ್ದರಲ್ಲಿ ಐದು ಅಂಶಗಳಿವೆ: ಗಟ್ಟಿಯಾಗಿ ಕಾಣಿಸಲೇಬೇಕು, ಭಾವನೆ ನುಂಗಬೇಕು, ಯಾರನ್ನೂ ನೆಚ್ಚಬಾರದು, ಏನೂ ಇಲ್ಲದಿದ್ದರೂ ಗೆಲ್ಲಬೇಕು, ಮೊದಲು ಬೇರೆಯವರಿಗೆ ನೆರವಾಗಬೇಕು. ಗೋಡೆಗೆ ಐದು ಚೀಟಿ ಅಂಟಿಸಿ, ಯಾವುದನ್ನು ಅಮ್ಮ ಕೊಟ್ಟರು, ಯಾವುದನ್ನು ಕೆಲಸದ ಜಾಗ ಕೊಟ್ಟಿತು ಎಂದು ಗುರುತು ಹಾಕಿಸುತ್ತೇವೆ. ಒಂದು ಇಡೀ ಸಂಜೆ ಅದಕ್ಕೇ ಹೋಗುತ್ತದೆ.

ಮೊದಲ ಅರ್ಧ ಗಂಟೆ ಮೈಯ ಮಾತು ಮಾತ್ರ. ಕುತ್ತಿಗೆ, ನಿದ್ದೆ, ಬಿಪಿ. ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ, ಮೂರನೆಯ ವಾರಕ್ಕೆ. ಒಟ್ಟು ಅಂಕ ನೋಡಿ ಮೋಸಹೋಗಬೇಡಿ. ಬೇಜಾರಿನ ಎರಡನೆಯ ಪ್ರಶ್ನೆಗೆ ಸೊನ್ನೆ ಹಾಕಿದವರೇ ನಿದ್ದೆ, ಸುಸ್ತು, ತನ್ನನ್ನು ತಾನೇ ಹಳಿದುಕೊಳ್ಳುವ ಪ್ರಶ್ನೆಗಳಿಗೆ ಪೂರ್ತಿ ಮೂರು ಹಾಕುತ್ತಾರೆ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ, ಅದು ಗುಂಪಿನಲ್ಲಿ ಬೇಡ. ಶಾಂಪೂ ಬೇಸಿನ್ ಕಡೆಗೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತೇವೆ. ಸುರಕ್ಷತೆಯ ಯೋಜನೆಯಲ್ಲೂ (ಮನಸ್ಸು ತೀರಾ ಕೆಟ್ಟಾಗ ಯಾರನ್ನು ಕರೆಯಬೇಕು ಎಂಬ ಪಟ್ಟಿ) ಆತ್ಮಹತ್ಯೆ ತಡೆಯುವ ಸಹಾಯವಾಣಿ 988 ಮೊದಲಿಗಿಲ್ಲ. ಫೋನು ಮಾಡಿದರೆ ಪೊಲೀಸರು ಮನೆಗೆ ಬರುತ್ತಾರೆಂಬ ಭಯ ಸುಳ್ಳು ಭಯ ಎಂದು ನಾನು ಹೇಳಲಾರೆ. ಕಾರಿರುವ ಕಸಿನ್, ರಾತ್ರಿ ಪಾಳಿಯ ಗೆಳತಿ, ನಮ್ಮಿಬ್ಬರ ನಂಬರು, ಆಮೇಲೆ 988.

ನಡುವೆ ಒಂದು ಅಡ್ಡದಾರಿ ಹಿಡಿದೆವು. ಗುಂಪಿನ ಹಿರಿಯರೊಬ್ಬರು "ನಿಮ್ಮ ದೇಶದಲ್ಲಿ ನಮ್ಮಂಥವರು ಇದ್ದಾರಾ?" ಎಂದು ಕೇಳಿದರು. (ಹಿರಿಯರನ್ನು ಇಲ್ಲಿ 'ಮಿಸ್' ಸೇರಿಸಿಯೇ ಕರೆಯಬೇಕು. ಬರೀ ಹೆಸರು ಹಿಡಿದರೆ ಆ ದಿನದ ಕೆಲಸ ಕೆಟ್ಟಿತು.) ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಬಗ್ಗೆ ಹೇಳಿದೆ. ಆಫ್ರಿಕಾದಿಂದ ಬಂದವರು, ಕಾಡಂಚಿನಲ್ಲಿ ನೆಲೆಸಿದವರು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಕವದಿಯ ಫೋಟೋ ಫೋನಿನಲ್ಲಿ ತೋರಿಸಿದೆ. ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಪಕ್ಕದ ಅಲಬಾಮಾದ ಜೀಸ್ ಬೆಂಡ್‌ನ ಕಪ್ಪು ಹೆಂಗಸರ ಕೌದಿಗಳು ಇಲ್ಲಿ ಎಲ್ಲರಿಗೂ ಗೊತ್ತು, 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿವೆ. ಮುಂದಿನ ವಾರ ಐವರು ಬಟ್ಟೆಯ ತುಂಡು ತಂದರು. ಮೂರು ವಾರ ಹೊಲಿಯುತ್ತಾ ಮಾತಾಡಿದೆವು. ಐವತ್ತು ದಾಟಿದವರು ಕೈ ಕೆಲಸದಲ್ಲಿದ್ದಾಗ ಎಂದೂ ಹೇಳದ್ದನ್ನು ಹೇಳಿದರು. ಮೂವತ್ತರ ಒಳಗಿನವರು ಬೇಸತ್ತು ಫೋನು ನೋಡಿದರು. ಈಗ ಹೊಲಿಗೆ ಹಿರಿಯರ ಬ್ಯಾಚಿಗೆ ಮಾತ್ರ. ಬೇಯಿಸಿದ ಶೇಂಗಾ ಮಾತ್ರ ಎಲ್ಲ ಬ್ಯಾಚಿಗೂ ಇದೆ. ಜಾರ್ಜಿಯಾದ ರಸ್ತೆ ಬದಿಯಲ್ಲೂ ಅದನ್ನು ನಮ್ಮ ಹಾಗೇ ಬಿಸಿಬಿಸಿಯಾಗಿ ಮಾರುತ್ತಾರೆ.

ಫಲಿತಾಂಶ, ನೆನಪಿದ್ದಷ್ಟು: ಮೂರನೆಯ ಬ್ಯಾಚಿನಲ್ಲಿ ಒಂಬತ್ತರಲ್ಲಿ ಎಂಟು ಜನ ಕೊನೆಯವರೆಗೂ ಇದ್ದರು. ಪಿಎಚ್‌ಕ್ಯೂ ಹದಿನಾಲ್ಕರ ಆಸುಪಾಸಿನಿಂದ ಎಂಟರ ಹತ್ತಿರ ಇಳಿಯಿತು. ನಾಲ್ಕು ಜನ ನಂತರ ಒಬ್ಬೊಬ್ಬರಾಗಿ ಥೆರಪಿಗೆ ಬಂದರು, ಎಲ್ಲರೂ ಜೊತೆಗಾತಿಯ ಹತ್ತಿರ. ನನ್ನ ಹತ್ತಿರ ಒಬ್ಬರೂ ಇಲ್ಲ. ಅದು ಸರಿಯೇ. ಆ ಸೂಪರ್‌ವೈಸರ್ ಕಳೆದ ತಿಂಗಳು ಇಬ್ಬರನ್ನು ನಮ್ಮಲ್ಲಿಗೆ ಕಳಿಸಿದ್ದಾರೆ. ಇದನ್ನು ಇಲ್ಲಿ ಬರೆಯದೆ ಇರಲು ಆಗಲಿಲ್ಲ.

ಮೊದಲ ಸಂಜೆ ಬಾಗಿಲು ಹಾಕಿದ ಮೇಲೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು ಎಂದು ಮೂರ್ನಾಲ್ಕು ಜನ ಕೇಳಿದ್ದಾರೆ. ಅದು ಜೊತೆಗಾತಿಯ ಸ್ವತ್ತು, ನಾನು ಹಂಚುವ ಹಾಗಿಲ್ಲ. ಮೂರು ಪುಟದ ಫಾರಮ್ಮಿನ ನಮೂನೆ ಬೇಕಿದ್ದವರಿಗೆ ಕೊಡುತ್ತೇನೆ.

ಸದ್ಯಕ್ಕೆ ಕ್ಲೇಟನ್ ಕೌಂಟಿಯ ಕಡೆ ಇನ್ನೊಂದು ಸಲೂನು ನೋಡಿದ್ದೇವೆ. ಮಾಲಕಿ 90 ಡಾಲರ್ ಅನ್ನುತ್ತಿದ್ದಾರೆ, ನಾನು 65ಕ್ಕೆ ನಿಂತಿದ್ದೇನೆ. ಚೌಕಾಸಿಗೆ ಮಾತ್ರ ಜೊತೆಗಾತಿ ನನ್ನನ್ನೇ ಮುಂದೆ ಬಿಡುತ್ತಾಳೆ.