ಸ್ಪ್ರೆಡ್‌ಶೀಟ್‌ನಲ್ಲೇ ಸಿಕ್ಕಿತು 193707721

ಒಂದು ದೊಡ್ಡ ಸಂಖ್ಯೆಯ ಅಪವರ್ತನವನ್ನು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯನ್ನು, ಸ್ಪ್ರೆಡ್‌ಶೀಟ್‌ನಲ್ಲೇ ಹುಡುಕಲು ಹೊರಟೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸಾಲು ಬರೆದರೆ ಮುಗೀತು, ಇದಕ್ಕೆ ಸ್ಪ್ರೆಡ್‌ಶೀಟ್ ಯಾಕೆ ಅಂತ ನಕ್ಕವರೇ ಜಾಸ್ತಿ. 21 ಅಂಕಿಯ ಸಂಖ್ಯೆ ಅದರಲ್ಲಿ ಹಿಡಿಯೋದೇ ಇಲ್ಲ ಎಂದರು. ನಿಜ, ಹಿಡಿಯುವುದಿಲ್ಲ. ಆದರೆ ನನಗೆ ಬೇಕಿದ್ದದ್ದು ಶೇಷ ಮಾತ್ರ, ಅಲ್ವಾ?

ಸಂಖ್ಯೆ ಇದು: 2^67 − 1 (2ರ 67ನೇ ಘಾತದಲ್ಲಿ 1 ಕಳೆದದ್ದು), ಅಂದರೆ 147573952589676412927. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ. 1876ರಲ್ಲಿ ಅದೇ ದೇಶದ ಗಣಿತಜ್ಞ ಲ್ಯೂಕಾಸ್ ಇದು ಅವಿಭಾಜ್ಯವಲ್ಲ ಎಂದು ತೋರಿಸಿದ, ಅಪವರ್ತನ ಮಾತ್ರ ಕೊಡಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕೊಟ್ಟ. ಮೂರು ವರ್ಷದ ಭಾನುವಾರಗಳು ಹಿಡಿದವಂತೆ. ನಾನು ಉತ್ತರ ಪಕ್ಕಕ್ಕಿಟ್ಟು ಕೆಳಗಿನಿಂದ ಹುಡುಕುತ್ತಾ ಬಂದೆ.

67 ಅವಿಭಾಜ್ಯವಾದ್ದರಿಂದ ಭಾಜಕಗಳಾಗಿ 134 × ಕ + 1 ರೂಪದವನ್ನು (134 ಎಂದರೆ 2 × 67, ಕ ಪೂರ್ಣಸಂಖ್ಯೆ) ಮಾತ್ರ ನೋಡಿದರೆ ಸಾಕು. ಅದರಲ್ಲೂ ಕ ಅನ್ನು 4ರಿಂದ ಭಾಗಿಸಿದಾಗ 0 ಅಥವಾ 1 ಉಳಿಯಬೇಕು. 3, 5, 7, 11ಕ್ಕೆ ಭಾಗವಾಗುವವನ್ನು ಜರಡಿ ಹಿಡಿದ ಮೇಲೆ 14 ಲಕ್ಷದ ಜಾಗದಲ್ಲಿ ಸುಮಾರು 3 ಲಕ್ಷ ಉಳಿದವು. ಒಂದೇ ಹಾಳೆಗೆ ಹಾಕಿದೆ, ಲ್ಯಾಪ್‌ಟಾಪ್ ಮಲಗಿಬಿಟ್ಟಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ರ‍್ಯಾಮ್‌ಗೆ ಸಾವಿರದ ಚಿಲ್ಲರೆ ಸುರಿದೆ. ಮೊದಲು ತಂದದ್ದು ಸ್ಲಾಟ್‌ನಲ್ಲಿ ಕೂರಲೇ ಇಲ್ಲ, ಬದಲಿಸಿಕೊಡಲು ಅಂಗಡಿಯವನು ಇನ್ನೊಂದು 300 ಕಿತ್ತ. ಆಮೇಲೂ 20 ಸಾವಿರ ಸಾಲಿನ ಕಂತುಗಳಲ್ಲೇ ಓಡಿಸಬೇಕಾಯಿತು.

ನಿಜವಾದ ತಲೆನೋವು ಬೇರೆ. 2^33ರ ಶೇಷವನ್ನು ವರ್ಗ ಮಾಡಿ ದ್ವಿಗುಣಿಸಿದರೆ 2^67ರ ಶೇಷ ಬರುತ್ತದೆ, ಅದು 1 ಆದರೆ ಆ ಭಾಜಕವೇ ಅಪವರ್ತನ, ಅಷ್ಟೇ ಕೆಲಸ. ಆದರೆ 9ರ ಮುಂದೆ 15 ಸೊನ್ನೆ ದಾಟಿದರೆ ಹಾಳೆ ಕೊನೆಯ ಅಂಕಿಗಳನ್ನು ಸುಮ್ನೆ ನುಂಗಿಹಾಕುತ್ತದೆ. ಎರರ್ ಗಿರರ್ ಏನೂ ತೋರಿಸುವುದಿಲ್ಲ. ದಾರಿಯ ಸುಮಾರು ಮೂರನೇ ಒಂದು ಭಾಗ ದಾಟಿದ ಮೇಲೆ ಬಂದ ಶೇಷಗಳನ್ನು ನಂಬುವ ಹಾಗೇ ಇರಲಿಲ್ಲ.

ಪರಿಹಾರ ಚಿಕ್ಕದು. ಶೇಷ ಭಾಜಕದ ಅರ್ಧಕ್ಕಿಂತ ದೊಡ್ಡದಾದರೆ ಭಾಜಕದಿಂದ ಅದನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿ. ವರ್ಗದ ಶೇಷ ತೆಗೆದ ಮೇಲೇ ದ್ವಿಗುಣಿಸಿ. ಇದರಿಂದ 18 ಕೋಟಿ 98 ಲಕ್ಷದವರೆಗಿನ ಭಾಜಕಗಳಿಗೆ ನೆಮ್ಮದಿ. ಅಲ್ಲಿಂದ ಮುಂದಿನ ಭಾಗಕ್ಕೆ ಇನ್ನೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಕ = 14,45,580ರಲ್ಲಿ ಶೇಷ 1 ಬಂತು. ಅಪವರ್ತನ 193707721, ಜೊತೆಯದು 761838257287. ತಮಾಷೆ ನೋಡಿ, ಈ ಸಾಲಿನಲ್ಲಿ 2^33ರ ಶೇಷ 66794868. ವರ್ಗ ಮಾಡಿ ದ್ವಿಗುಣಿಸಿದರೆ 8923108782274848. ಮಿತಿಯ ಒಳಗೇ ಇದೆ, ಕೂದಲೆಳೆಯಲ್ಲಿ! ಯಾವ ಉಪಾಯವೂ ಇಲ್ಲದೆ ಇದೊಂದು ಪಾರಾಗುತ್ತಿತ್ತು. ಆದರೆ ಅದು ಮೊದಲೇ ಯಾರಿಗೆ ಗೊತ್ತಿರುತ್ತದೆ?

ಇದೇ ಹಾಳೆಗೆ 2^71 − 1 ಕೊಟ್ಟು ನೋಡಿದೆ, ಅಲ್ಲಿ 142 × ಕ + 1. ಟೀ ಆರುವ ಮೊದಲೇ 228479 ಸಿಕ್ಕಿತು, ಕ ಬರೀ 1609.

67ರದ್ದರ ಜಾತಕ ಇಷ್ಟು. ಎರಡೇ ಅವಿಭಾಜ್ಯಗಳ ಗುಣಲಬ್ಧ. ಎರಡೂ ಬೇರೆಬೇರೆ, ಹಾಗಾಗಿ 1 ಬಿಟ್ಟರೆ ಯಾವ ವರ್ಗವೂ ಇದನ್ನು ಭಾಗಿಸದು. 4ರಿಂದ ಭಾಗಿಸಿದರೆ 3 ಉಳಿಯುವುದರಿಂದ ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ಅಂಕಿಗಳ ಮೊತ್ತ 109, ಅದು ಅವಿಭಾಜ್ಯ. ಅವಿಭಾಜ್ಯವೇ ಎಂದು ನೋಡುವ ಫರ್ಮಾ ಪರೀಕ್ಷೆಯಲ್ಲಿ, 2ನ್ನು ಆಧಾರವಾಗಿಟ್ಟರೆ, ಅವಿಭಾಜ್ಯವಲ್ಲದಿದ್ದರೂ ಪಾಸಾಗುವ ಕಳ್ಳ. ಆದರೂ ಕಾರ್ಮೈಕಲ್ ಸಂಖ್ಯೆ (ತನ್ನೊಡನೆ ಸಾಮಾನ್ಯ ಅಪವರ್ತನವಿಲ್ಲದ ಎಲ್ಲ ಆಧಾರಗಳಲ್ಲೂ ಹೀಗೆ ಪಾಸಾಗುವ ಕಳ್ಳ) ಅಲ್ಲ, ಅದಕ್ಕೆ ಕನಿಷ್ಠ ಮೂರು ಅವಿಭಾಜ್ಯ ಬೇಕು.

ಕರೆಂಟ್ ಬಿಲ್ ಆ ತಿಂಗಳು ನೂರು ರೂಪಾಯಿ ಜಾಸ್ತಿ ಬಂದಿರಬಹುದು. ನಕ್ಕವರಲ್ಲಿ ಒಬ್ಬರು ಈಗ ಹಾಳೆ ಕೇಳುತ್ತಿದ್ದಾರೆ. ಕೊಡುತ್ತೇನೆ, ಕೊನೆಯ ಕಾಲಮ್ ಅಳಿಸಿ.