ಕರಾವಳಿಯ ಹವೆಯಲ್ಲಿ ಕ್ಲೌಡ್ ಚೇಂಬರ್: ನನ್ನ ಅನುಭವ

"ನಮ್ಮ ಹವೆಗೆ ಇದೆಲ್ಲ ಆಗ್ಲಿಕ್ಕಿಲ್ಲ ಸರ್, ಬರೀ ನೀರು ಕೂರ್ತದೆ" ಎಂದು ನಮ್ಮ ಶಾಲೆಯ ಗಣಿತದ ಮಾಸ್ಟ್ರು ಎರಡು ವರ್ಷದಿಂದ ಹೇಳುತ್ತಿದ್ದರು. ಈ ಜನವರಿಯಲ್ಲಿ ಆಯಿತು. ಉಡುಪಿಯಲ್ಲೇ, ನಮ್ಮ ಲ್ಯಾಬಿನ ಮೇಜಿನ ಮೇಲೆ, ಮಗುಚಿಟ್ಟ ಮೀನಿನ ತೊಟ್ಟಿಯೊಳಗೆ ಆಲ್ಫಾ ಕಣಗಳ ಗೆರೆ ಬಿತ್ತು. ಕ್ಲೌಡ್ ಚೇಂಬರ್ ಎಂದರೆ ಕಣಗಳ ದಾರಿ ಕಾಣಿಸುವ ಮಂಜಿನ ಪೆಟ್ಟಿಗೆ: ಮೇಲೆ ಆಲ್ಕೊಹಾಲ್ ಹೀರಿದ ಬಟ್ಟೆ, ಕೆಳಗೆ ತುಂಬಾ ತಣ್ಣಗಿನ ತಟ್ಟೆ, ನಡುವಿನ ಆವಿಯಲ್ಲಿ ಕಣ ಹಾದಲ್ಲಿ ಹನಿಯ ಗೆರೆ ಮೂಡುತ್ತದೆ.

ಮೊದಲು ದುಡ್ಡು ಹೋದದ್ದು ಪೆಲ್ಟಿಯರ್‌ಗೆ, ಅಂದರೆ ಕರೆಂಟು ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆಗೆ. ಡ್ರೈ ಐಸಿನ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡಿನ) ತಾಪತ್ರಯವೇ ಬೇಡ ಎಂದು ಎರಡು ಪೆಲ್ಟಿಯರ್, ಹಳೇ ಕಂಪ್ಯೂಟರಿನ ಫ್ಯಾನು, ಪವರ್ ಸಪ್ಲೈ ಎಲ್ಲ ಸೇರಿ 4 ಸಾವಿರದಷ್ಟು ಸುರಿದೆ. ಏಪ್ರಿಲ್ ಸೆಕೆಗೆ ಬಿಸಿಯಾಗುವ ಬದಿಯನ್ನು ತಣಿಸಲಿಕ್ಕೇ ಆಗಲಿಲ್ಲ. ತಣ್ಣಗಿನ ಬದಿ ಸೊನ್ನೆಯಿಂದ ಸ್ವಲ್ಪ ಕೆಳಗಿಳಿದು ನಿಂತಿತು. ನಮಗೆ ಬೇಕಾದದ್ದು ಮೈನಸ್ 26ಕ್ಕಿಂತ ಕೆಳಗೆ.

ಎರಡನೆಯ ತಪ್ಪು ಸ್ಯಾನಿಟೈಸರ್. ಕೊರೋನಾ ಕಾಲದ ಡಬ್ಬ ಉಳಿದಿತ್ತು, ಅದನ್ನೇ ಬಟ್ಟೆಗೆ ಹೀರಿಸಿದೆ. ಅದರ ನೀರೆಲ್ಲ ತಟ್ಟೆಯ ಮೇಲೆ ಬಿಳಿ ಹಿಮವಾಗಿ ಕೂತಿತು. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ತನ್ನಿ, ಶೇ. 99ರದ್ದು. ಅದಕ್ಕಿಂತ ಕಡಿಮೆಯದು ಬೇಡ.

ಕೊನೆಗೆ ಮಂಗಳೂರಿನಿಂದ ಡ್ರೈ ಐಸ್ ತಂದೆ, ಮದುವೆ ಸ್ಟೇಜಿಗೆ ಹೊಗೆ ಬಿಡುವವರ ಮೂಲಕ. 5 ಕಿಲೋಗೆ 800 ರೂಪಾಯಿ ಕೊಟ್ಟ ನೆನಪು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬೈಕಿನ ಹಿಂದೆ ಕಟ್ಟಿ ಉಡುಪಿ ಮುಟ್ಟುವಾಗ ಅರ್ಧ ಕಿಲೋ ಆವಿಯಾಗಿತ್ತು. ಪೆಟ್ಟಿಗೆಯ ಮುಚ್ಚಳವನ್ನು ಬಿಗಿಯಾಗಿ ಅಂಟಿಸಬೇಡಿ, ಒಳಗಿನ ಅನಿಲಕ್ಕೆ ಹೊರಬರಲು ದಾರಿ ಬೇಕು. ಲ್ಯಾಬಿನ ಕಿಟಕಿಗಳೂ ತೆರೆದಿರಲಿ.

ನೀರು ಕೂರುವ ಸಮಸ್ಯೆ ನಿಜವೇ. ಹೊರಗಿನ ತೇವ ಒಳಗೆ ನುಸುಳದಂತೆ ತೊಟ್ಟಿಯ ಅಂಚನ್ನು ಮುಚ್ಚಬೇಕು. ಹಿಂದಿನ ರಾತ್ರಿ ಗಾಜನ್ನು ಹೇಗೆ ಒಣಗಿಸಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಕಣದ ಮೂಲಕ್ಕೆ ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದರೆ ಉರಿಯಲ್ಲಿ ಬೆಳಗುವ ಬಲೆಯ ಚೀಲ. ಅಂಗಡಿಯಿಂದ ತಂದ ಹೊಸತರಲ್ಲಿ ಏನೂ ಬರಲಿಲ್ಲ, ಅದರಲ್ಲಿ ಆಲ್ಫಾ ಕಣ ಹೊರಸೂಸುವ ವಿಕಿರಣಶೀಲ ಧಾತು ಥೋರಿಯಂ ಇರಲಿಲ್ಲ ಎಂದೇ ನನ್ನ ಲೆಕ್ಕ. ಹಿಂದೆ ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದ ನೆಂಟರ ಅಟ್ಟದಲ್ಲಿ ಹಳೇ ಪ್ಯಾಕೆಟ್ ಸಿಕ್ಕಿತು. ಉಗುರಿನಷ್ಟು ತುಂಡು ಸಾಕು. ಅದನ್ನು ಸುಡಬೇಡಿ, ಪುಡಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಟಾರ್ಚನ್ನು ಓರೆಯಾಗಿ ಹಿಡಿದು ಹದಿನೈದು ನಿಮಿಷ ಕಾದೆವು. ಆಮೇಲೆ ತುಂಡಿನಿಂದ ದಪ್ಪಗೆ, ನೇರಕ್ಕೆ, ಬೆರಳುದ್ದದ ಗೆರೆಗಳು! ಇವೇ ಆಲ್ಫಾ: ಎರಡು ಪ್ರೋಟಾನು, ಎರಡು ನ್ಯೂಟ್ರಾನು ಒಟ್ಟಿಗೆ ಹೊರಟು, ದಾರಿಯ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಂಡೇ ಹೋಗುತ್ತವೆ. ಹಾಗೆ ಉಳಿದ ಅಯಾನುಗಳ ಮೇಲೆ ಆಲ್ಕೊಹಾಲ್ ಹನಿಗಟ್ಟುತ್ತದೆ. ನಡುನಡುವೆ ಕೂದಲೆಳೆಯಂಥ ಸೊಟ್ಟ ಗೆರೆಗಳು, ಅವು ಎಲೆಕ್ಟ್ರಾನಿನವು. ತುಂಡಿನ ಮೇಲೆ ದಪ್ಪ ಕಾಗದ ಮುಚ್ಚಿದೆ: ದಪ್ಪ ಗೆರೆ ನಿಂತಿತು, ಸಪೂರದ್ದು ಬರುತ್ತಲೇ ಇತ್ತು. ಬೋರ್ಡಿನಲ್ಲಿ ಹದಿನಾಲ್ಕು ವರ್ಷ ಪರಮಾಣುವೆಂದು ವೃತ್ತ ಬರೆದು ಕಲಿಸಿದ ನನಗೇ ಅವತ್ತು ಮೈ ಜುಮ್ಮೆಂದಿತು.

ತಟ್ಟೆಯ ಕೆಳಗೆ ನಿಯೋಡಿಮಿಯಂ ಅಯಸ್ಕಾಂತ ಇಟ್ಟೂ ನೋಡಿದೆ. ಒಂದೆರಡು ಎಳೆ ಬಾಗಿದಂತೆ ಕಂಡಿತು. ಆದರೆ ಎಲೆಕ್ಟ್ರಾನ್ ಗಾಳಿಯ ಪರಮಾಣುಗಳಿಗೆ ತಾಗಿಯೂ ಸೊಟ್ಟಾಗುತ್ತದೆ, ಹಾಗಾಗಿ ಅದನ್ನು ಪುರಾವೆ ಎನ್ನಲಾರೆ. ಆಲ್ಫಾ ಜಗ್ಗಲಿಲ್ಲ, ಅದು ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟು ಭಾರ. ಹಳೇ ಅಯಾನುಗಳನ್ನು ಗುಡಿಸಲು ಸೊಳ್ಳೆ ಬ್ಯಾಟಿನ ಹೈ ವೋಲ್ಟೇಜ್ ಕೊಡುವವರಿದ್ದಾರೆ. ಆಲ್ಕೊಹಾಲ್ ಆವಿಯ ಬಳಿ ಕಿಡಿ ಹಾರಿದರೆ ಗತಿಯೇನು ಎಂದು ನಾನು ಆ ಗೋಜಿಗೆ ಹೋಗಲಿಲ್ಲ.

ಮ್ಯಾಂಟಲ್ ತೆಗೆದ ಮೇಲೂ ನಿಮಿಷಕ್ಕೆ ಹಲವು ಗೆರೆ ಬೀಳುತ್ತವೆ, ಆಕಾಶದಿಂದ ಬಂದ ಮ್ಯೂವಾನುಗಳೂ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣಗಳು) ಅದರಲ್ಲಿವೆ. 1932ರಲ್ಲಿ ಅಮೆರಿಕದ ಭೌತವಿಜ್ಞಾನಿ ಕಾರ್ಲ್ ಆಂಡರ್ಸನ್‌ಗೆ ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಸಿಕ್ಕಿದ್ದೂ ಇಂಥದೇ ಮಂಜಿನ ಪೆಟ್ಟಿಗೆಯಲ್ಲಿ.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, 8 ಸಾವಿರದ ಹತ್ತಿರ. ಈಗ ಮಾಡುವುದಾದರೆ 2 ಸಾವಿರದೊಳಗೆ ಮಾಡಿಯೇನು. ಗಣಿತದ ಮಾಸ್ಟ್ರು ಅವತ್ತು ಊಟದ ಬೆಲ್ ಆದರೂ ಕದಲಲಿಲ್ಲ. ಮರುವಾರ ತಮ್ಮ ಮನೆಯ ಅಟ್ಟ ಹುಡುಕಿ ಇನ್ನೆರಡು ಹಳೇ ಮ್ಯಾಂಟಲ್ ತಂದುಕೊಟ್ಟರು.